ಪದಕ್ಕೆ ಪರವಾನಗಿ ಕೊಡುವವರು ಯಾರು?



ಹೋದ ವಾರದ ಮಾತು. ಮುಡಬಿಯ ನಮ್ಮ ಓಣಿಯ ಹುಡುಗಿಯೊಬ್ಬಳು ಸಂಜೆಯ ಹೊತ್ತು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತಳು. ಐದನೆಯ ಇಯತ್ತೆಯಲ್ಲಿ ಓದುವವಳು, ಚುರುಕಾದ ಮಗು. ಅಂದು ಮಾತ್ರ ಮುಖ ಸಣ್ಣದು ಮಾಡಿಕೊಂಡಿದ್ದಳು. ನೋಟುಪುಸ್ತಕ ತೆರೆದು ನನ್ನ ಮುಂದಿಟ್ಟಳು. ರಜಾ ಅರ್ಜಿ ಬರೆಯುವ ಅಭ್ಯಾಸವನ್ನು ಶಾಲೆಯಲ್ಲಿ ಕೊಟ್ಟಿದ್ದರಂತೆ. 'ನನಗೆ ಹೊಟ್ಟಿಬ್ಯಾನಿ ಆಗಿದ್ದರಿಂದ ಎರಡು ದಿನ ರಜೆ ಕೊಡಬೇಕೆಂದು ಈ ಅರ್ಜಿಯ ಮೂಲಕ ಕೇಳಿಕೊಳ್ಳುತ್ತೇನೆ' ಎಂದು ದುಂಡಗೆ ಬರೆದಿದ್ದಳು. 'ಹೊಟ್ಟಿಬ್ಯಾನಿ' ಎಂಬುದರ ಸುತ್ತ ಕೆಂಪು ಶಾಯಿಯ ಉಂಗುರ. ಪಕ್ಕದಲ್ಲಿ ಒಂದು ಷರಾ: 'ಇಂಥ ಪದ ಇಲ್ಲ.'

"ಮುತ್ಯಾ, ಇದು ಪದಾನೇ ಅಲ್ಲಂತ. ಹಂಗಾರ ನನಗ ಆಗಿದ್ದು ಏನು?" ಎಂದು ಕೇಳಿದಳು.

ಮೂವತ್ತಕ್ಕೂ ಹೆಚ್ಚು ವರ್ಷ ಮಾಸ್ತರಿಕೆ ಮಾಡಿದ ನನಗೆ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಮಲಗಿದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉಂಗುರ ಹಾಕಿದ ಶಿಕ್ಷಕರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಅವರು ಒಳ್ಳೆಯವರೇ ಇರಬೇಕು, ಮಗುವಿನ ಭಾಷೆ ತಿದ್ದಬೇಕೆಂಬ ಕಳಕಳಿಯೂ ಇರಬೇಕು. ನನ್ನ ತಕರಾರು ಅವರೊಬ್ಬರ ಮೇಲಲ್ಲ. ಅವರ ಕೈಯಿಂದ ಆ ಷರಾ ಬರೆಯಿಸಿದ ನಂಬಿಕೆಯ ಮೇಲೆ ನನ್ನ ತಕರಾರು. ಬೀದರ, ಕಲಬುರಗಿ, ರಾಯಚೂರು ಸೀಮೆಯ ಮಂದಿ ಆಡುವ ಪದಗಳು ಪದಗಳೇ ಅಲ್ಲ, ಅವು ಕನ್ನಡಕ್ಕೆ ಹತ್ತಿದ ಕಿಲುಬು, ಉಜ್ಜಿ ತೆಗೆದರೆ ಒಳಗಿನ ಶುದ್ಧ ಕನ್ನಡ ಹೊಳೆಯುತ್ತದೆ ಎಂಬ ನಂಬಿಕೆ ಅದು. ಆ ನಂಬಿಕೆ ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಆ ಒಂದು ಸಾಲಿನ ಅರ್ಜಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ 'ರಜೆ' ಎಂಬ ಪದವಿದೆ. ಅದು ಅರಬ್ಬಿಯಿಂದ ಬಂದದ್ದು. 'ಅರ್ಜಿ' ಎಂಬುದೂ ಅರಬ್ಬಿ ಮೂಲದ್ದೇ, ಪಾರಸಿಯ ದಾರಿಯಲ್ಲಿ ನಮ್ಮ ಕಚೇರಿಗಳಿಗೆ ಇಳಿದದ್ದು. ಈ ಎರಡಕ್ಕೂ ಕೆಂಪು ಉಂಗುರವಿಲ್ಲ. ಆ ಉಂಗುರ ಬರೆದ 'ಶಾಯಿ' ಕೂಡ ಪಾರಸಿಯ 'ಸಿಯಾಹಿ'. ಸಿಯಾಹಿ ಎಂದರೆ ಕಪ್ಪು. ನಾವು 'ಕೆಂಪು ಶಾಯಿ' ಎಂದಾಗಲೆಲ್ಲ 'ಕೆಂಪು ಕಪ್ಪು' ಎನ್ನುತ್ತಿದ್ದೇವೆ, ಯಾರಿಗೂ ಅದರಿಂದ ಬಾಧೆಯಾಗಿಲ್ಲ! ಈಗ ಉಂಗುರದೊಳಗೆ ಸಿಕ್ಕಿಬಿದ್ದ ಪದವನ್ನು ನೋಡಿ. 'ಬ್ಯಾನಿ' ಎಂದರೆ ಬೇನೆ. ಸಂಸ್ಕೃತದ 'ವೇದನೆ'ಯೇ ಕನ್ನಡಕ್ಕೆ ಬಂದು 'ಬೇನೆ'ಯಾಯಿತು ಎಂದು ವ್ಯಾಕರಣ ಬಲ್ಲವರು ಹೇಳುತ್ತಾರೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ ಆ ಪದ ಹೆರಿಗೆಯ ನೋವಿನ ಅರ್ಥದಲ್ಲಿಯೇ ಬಂದಿದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇಂದಿಗೂ ಅದೇ ಅರ್ಥದಲ್ಲಿ 'ಬ್ಯಾನಿ' ಎನ್ನುತ್ತಾರೆ. ಅಕ್ಕ ನಡೆದಾಡಿದ ಕಲ್ಯಾಣವೇ ನಮ್ಮ ತಾಲೂಕಿನ ಕೇಂದ್ರ. ಅಂದರೆ ಅದು ಅಕ್ಕನ ಕಾಲದಿಂದ ಇದೇ ಮಣ್ಣಿನಲ್ಲಿ ಉಳಿದುಕೊಂಡು ಬಂದ ಪದ, ಆ ಅರ್ಜಿಯಲ್ಲಿ ಕೆಂಪು ಉಂಗುರ ಬಿದ್ದದ್ದು ಅದಕ್ಕೇ.

'ಬೇನೆ ಸರಿ, ಬ್ಯಾನಿ ಏಕೆ?' ಎಂದು ಕೇಳುವವರಿದ್ದಾರೆ. 'ವೇದನೆ' ಎಂಬುದು 'ಬೇನೆ' ಆದಾಗ ಅಂದಿನ ಸಂಸ್ಕೃತ ಪಂಡಿತರೂ ಹೀಗೆಯೇ ಕೇಳಿರಬಹುದು. 'ಪಾಲು' ಹಾಲಾದಾಗ, 'ಪೋಗು' ಹೋಗು ಆದಾಗ ಹಳಗನ್ನಡದ ಅಭಿಮಾನಿಗಳು ಮೂಗು ಮುರಿದಿರಬಹುದು. ಇಂದು ಯಾವ ಶಿಕ್ಷಕರೂ 'ಹಾಲು' ಎಂದು ಬರೆದ ಮಗುವಿನ ಪುಸ್ತಕದಲ್ಲಿ 'ಪಾಲು' ಎಂದು ತಿದ್ದುವುದಿಲ್ಲ. ನಮ್ಮ ಕಡೆಯ ಮಾತು ಬಾಯಿಗೆ ಬಂದಂತೆ ಕೆಟ್ಟದ್ದೂ ಅಲ್ಲ. ಕೊನೆಯ 'ಎ'ಕಾರ ನಮ್ಮಲ್ಲಿ 'ಇ'ಕಾರವಾಗುತ್ತದೆ: ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಬೇಳೆ ಬ್ಯಾಳಿಯಾದ ಹಾಗೆಯೇ ಬೇನೆ ಬ್ಯಾನಿಯಾಗುತ್ತದೆ. ಒಂದು ಪದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಎಂಬುದಿಲ್ಲ. 'ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ' ಎನ್ನುವಲ್ಲಿ ನಾವು 'ಹಾನ, ಹಾಳ, ಹಾರ, ಅದ' ಎನ್ನುತ್ತೇವೆ. ಲಿಂಗ ತಪ್ಪಿಲ್ಲ, ವಚನ ತಪ್ಪಿಲ್ಲ. ಮೂರು ವರ್ಷದ ಕೂಸು ಕೂಡ ಅವುಗಳನ್ನು ಅದಲುಬದಲು ಮಾಡುವುದಿಲ್ಲ. ಹೀಗೆ ಕ್ರಮ ತಪ್ಪದೆ ನಡೆಯುವುದಕ್ಕೆ ವ್ಯಾಕರಣ ಎನ್ನದೆ ಬೇರೇನು ಹೆಸರಿಡುವುದು? ಅದನ್ನು ಬರೆದಿಟ್ಟವರು ಕಡಿಮೆ ಎಂದ ಮಾತ್ರಕ್ಕೆ ಅದು ಇಲ್ಲವೆಂದು ಆಗುವುದಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ದೊಡ್ಡ ದನಿಯದು. 'ನಿಮ್ಮದು ಉರ್ದು, ಮರಾಠಿ ಕಲಬೆರಕೆಯ ಕನ್ನಡ' ಎಂಬುದು. ಹೌದು, ನಮ್ಮಲ್ಲಿ ಖಬರ್ ಇದೆ, ಖರೆ ಇದೆ, ಜಲ್ದಿ ಇದೆ. ಬಹಮನಿಗಳು, ಬರೀದಶಾಹಿಗಳು, ಆದಿಲಶಾಹಿಗಳು, ಮೊಗಲರು, ಕೊನೆಗೆ 1948ರ ಸೆಪ್ಟೆಂಬರದ ತನಕ ನಿಜಾಮರು ಆಳಿದ ಸೀಮೆ ಇದು. ನೆರೆಯ ಊರುಗಳಲ್ಲಿ ಮರಾಠಿ, ಸಂತೆಯಲ್ಲಿ ದಖನಿ. ನಾಲ್ಕು ಮಂದಿ ಕೂಡಿ ಬಾಳುವ ಕಡೆ ಪದಗಳು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಬರುತ್ತವೆ, ಮಜ್ಜಿಗೆಯ ಹಾಗೆ, ಬೆಂಕಿಯ ಹಾಗೆ. ಆದರೆ ಈ ಆಕ್ಷೇಪಣೆ ಎತ್ತುವ ಬೆಂಗಳೂರು, ಮೈಸೂರಿನ ಹಿರಿಯರು ದಿನಬೆಳಗಾದರೆ ಆಡುವ ಜಾಸ್ತಿ, ಕಮ್ಮಿ, ಜೋರು, ಖಾಲಿ, ಕುರ್ಚಿ, ಕಾಗದ ಇವೆಲ್ಲ ಎಲ್ಲಿಂದ ಬಂದವು? ಜಿಲ್ಲಾ, ತಾಲೂಕು, ತಹಸೀಲ್ದಾರ, ಜಮೀನು, ವಕೀಲ, ದಾಖಲೆ ಎಲ್ಲಿಂದ ಬಂದವು? ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಕೆತ್ತಿದ್ದಾರಲ್ಲ, ಅದರ ಮೊದಲ ಪದವೇ ಪಾರಸಿ. ನಮ್ಮನ್ನು ತಿದ್ದುವ ಶಿಕ್ಷಕರು ತರಗತಿಗೆ ಬಂದೊಡನೆ ಮಾಡುವ ಮೊದಲ ಕೆಲಸ 'ಹಾಜರಿ' ತೆಗೆದುಕೊಳ್ಳುವುದು. ಈ ಬರಹದ ತಲೆಬರಹದಲ್ಲಿರುವ 'ಪರವಾನಗಿ' ಕೂಡ ಪಾರಸಿಯದೇ. ಓದುವಾಗ ನಿಮಗೆ ಅದು ಪರಭಾಷೆ ಎನಿಸಿತೆ? ಇಲ್ಲ. ಏಕೆಂದರೆ ಅದು ಕನ್ನಡವಾಗಿ ಎಷ್ಟೋ ತಲೆಮಾರು ಕಳೆದಿವೆ. ಹಾಗಾದರೆ ವ್ಯತ್ಯಾಸ ಪದದ ಮೂಲದಲ್ಲಿ ಇಲ್ಲ. ಕಚೇರಿಯವರು ತಂದ ಅರಬ್ಬಿ ಪದ ಕನ್ನಡವಾಯಿತು, ಒಕ್ಕಲಿಗನ ಬಾಯಲ್ಲಿ ಉಳಿದ ಅರಬ್ಬಿ ಪದ ಕಲಬೆರಕೆಯಾಯಿತು, ಅಷ್ಟೇ.

ಇದೇ ಅನ್ಯಾಯ ನಮ್ಮ ನೆರೆಯ ದಖನಿಗೂ ಆಗಿದೆ. ಮರಾಠಿಯಿಂದ ಬಂದ 'ನಕ್ಕೋ' ಎಂಬ ಪದ ಕೇಳಿದರೆ ದಿಲ್ಲಿ, ಲಖನೌದ ಉರ್ದು ಪಂಡಿತರು ನಗುತ್ತಿದ್ದರು. ಆದರೆ ಉರ್ದು ಕಾವ್ಯದಲ್ಲಿ ಇಂದು ದೊರೆಯುವ ಅತ್ಯಂತ ಹಳೆಯ ಮಸ್ನವಿಗಳ ಸಾಲಿಗೆ ಸೇರುವ 'ಕದಮರಾವ್ ಪದಮರಾವ್' ಹುಟ್ಟಿದ್ದು ಹದಿನೈದನೆಯ ಶತಮಾನದ ಬೀದರಿನಲ್ಲಿ, ಬಹಮನಿಗಳ ಕಾಲದಲ್ಲಿ, ಈ ದಖನಿಯಲ್ಲಿಯೇ. ನಗುವವರಿಗೆ ಇತಿಹಾಸ ಗೊತ್ತಿರುವುದು ಅಪರೂಪ.

ಇನ್ನು ಮೂರನೆಯದು, ವಾದಿಗಳು ಕೊನೆಗೆ ಎತ್ತುವ ದೊಡ್ಡ ಗದೆ: 'ನಿಘಂಟಿನಲ್ಲಿ ಇಲ್ಲ!' ನಿಘಂಟಿನ ಬಗ್ಗೆ ನನಗೆ ಇರುವಷ್ಟು ಗೌರವ ಬೇರೆ ಯಾವ ಪುಸ್ತಕದ ಬಗ್ಗೆಯೂ ಇಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳದ್ದು. ಮೊದಲನೆಯದು ಅಚ್ಚಾದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ದೊಡ್ಡ ವಿದ್ವಾಂಸರು ದಶಕಗಳ ಕಾಲ ಬೆವರು ಸುರಿಸಿದ ಕೆಲಸ. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥವರು (1913-2021) ತಮ್ಮ ಬಾಳನ್ನೇ ಪದಗಳಿಗೆ ತೆತ್ತರು. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣವನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಆದರೆ ಆ ನಿಘಂಟು ಹೇಗೆ ಸಿದ್ಧವಾಯಿತು ಎಂಬುದನ್ನು ನೆನೆಯಬೇಕು. ಶಾಸನಗಳಿಂದ, ಕಾವ್ಯಗಳಿಂದ, ಬರೆದ ಕೃತಿಗಳಿಂದ ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಪ್ರಯೋಗದ ಆಧಾರ ಕೊಟ್ಟು ಜೋಡಿಸಿದರು. ಶಾಸ್ತ್ರೀಯವಾದ ಕ್ರಮ ಅದು. ಅದರ ಫಲವೇನೆಂದರೆ, ಯಾವ ಸೀಮೆಯಲ್ಲಿ ಬರೆಯುವವರು ಹೆಚ್ಚಿದ್ದರೋ ಆ ಸೀಮೆಯ ಪದಗಳು ಹೆಚ್ಚು ಸೇರಿದವು. ಬರೆಯುವವರಿಗೆ ಅವಕಾಶವೇ ಇರದ ಸೀಮೆಯ ಪದಗಳು ಹೊರಗೆ ಉಳಿದವು.

ನಮಗೆ ಅವಕಾಶ ಎಲ್ಲಿತ್ತು? ನಿಜಾಮರ ಕಾಲದಲ್ಲಿ ಆಡಳಿತವೂ ಉರ್ದು, ಶಾಲೆಯೂ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಬೀದರ ಜಿಲ್ಲೆಯ ಪ್ರತಿ ಮನೆಯೂ ಬಲ್ಲದು. ಅಂಥ ಕಾಲದಲ್ಲಿ ಈ ಗಡಿಯಲ್ಲಿ ಕನ್ನಡವನ್ನು ಉಳಿಸಿದವರು ಮಠಗಳವರು, ಮತ್ತು ಹೊಲದಲ್ಲಿ, ಒಲೆಯ ಮುಂದೆ, ಬೀಸುವ ಕಲ್ಲಿನ ಮುಂದೆ ಅದನ್ನು ಆಡಿದ ಅಕ್ಷರವಿಲ್ಲದ ಜನ. ಅವರು ಬರೆಯಲಿಲ್ಲ, ಆದ್ದರಿಂದ ಅವರ ಪದಕ್ಕೆ ಆಧಾರವಿಲ್ಲ. ಆಧಾರವಿಲ್ಲ, ಆದ್ದರಿಂದ ಅದು ಪದವಲ್ಲ! ಕನ್ನಡವನ್ನು ಕಾಯ್ದವರಿಗೆ ನಾವು ಕೊಟ್ಟ ತೀರ್ಪು ಇದು. 1956ರ ನವೆಂಬರ 1ರಂದು ಬೀದರ ಜಿಲ್ಲೆ ಕನ್ನಡ ರಾಜ್ಯ ಸೇರಿತು. ನಮ್ಮ ಪದಗಳ ವಿಲೀನ ಇನ್ನೂ ಆಗಬೇಕಾಗಿದೆ.

ಪದವು ಬರಹದಲ್ಲಿ ಇಲ್ಲದ ಮಾತ್ರಕ್ಕೆ ಪದವಲ್ಲ ಎನ್ನುವುದಾದರೆ ವಚನಗಳ ಗತಿ ಏನು? ಕಲ್ಯಾಣದಲ್ಲಿ ಸಂಸ್ಕೃತ ಪಾಂಡಿತ್ಯಕ್ಕೆ ಕೊರತೆ ಇರಲಿಲ್ಲ. ವಿಜ್ಞಾನೇಶ್ವರನು 'ಮಿತಾಕ್ಷರ' ಬರೆದದ್ದು ಇದೇ ಊರಿನ ಚಾಲುಕ್ಯರ ಆಸ್ಥಾನದಲ್ಲಿ. ಅದೇ ಊರಿನಲ್ಲಿ ಮುಂದೆ ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ಬಿದ್ದ ಅಕ್ಕಿಯನ್ನು ಆಯುವವರು ತಮ್ಮ ಕಸುಬಿನ ಪದಗಳಲ್ಲಿಯೇ ದೇವರೊಡನೆ ಮಾತನಾಡಿದರು. ಆ ವಚನಗಳ ಎಷ್ಟೋ ಓಲೆಗಳು ಮನೆ ಮಠಗಳ ಅಟ್ಟದ ಮೇಲೆ ಬಿದ್ದಿದ್ದವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಓಲೆ ಅಟ್ಟದ ಮೇಲಿದ್ದಾಗ ಅದರೊಳಗಿನ ಪದಗಳು ಪದಗಳಾಗಿರಲಿಲ್ಲವೆ? 2021ರಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಇಟ್ಟರು. ಸಂತೋಷ. 2019ರಲ್ಲಿ 'ಹೈದರಾಬಾದ ಕರ್ನಾಟಕ'ಕ್ಕೆ 'ಕಲ್ಯಾಣ ಕರ್ನಾಟಕ' ಎಂದು ಹೆಸರಿಟ್ಟರು. ಅದೂ ಸಂತೋಷ. ಶರಣರಿಗೆ ಕಲ್ಲಿನ ಮಂಟಪ ಕಟ್ಟುವ ನಾಡಿನಲ್ಲಿ ಶರಣರ 'ಬೇನೆ'ಗೆ ಕೆಂಪು ಉಂಗುರ ಹಾಕುವುದು ಮಾತ್ರ ನನಗೆ ಸಂತೋಷ ತರುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಳೆಯಿತು. ಆ ಲೆಕ್ಕದಲ್ಲಿ ಮುಡಬಿ ನಾಡಿನ ಒಳಗಿದೆ, ಗೋದಾವರಿಯ ಕಡೆಗೆ ಇದೆ. ಕನ್ನಡದ ತಿರುಳು ಎಂದು ಅದು ಹೆಸರಿಸಿದ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಸೀಮೆಯ ಒಕ್ಕುಂದ. ಮೈಸೂರೂ ಇಲ್ಲ, ಬೆಂಗಳೂರೂ ಇಲ್ಲ. ಹೀಗೆಂದು ನಾನು ಮೈಸೂರಿನವರಿಗೆ ಉಂಗುರ ಹಾಕಲು ಹೊರಟಿಲ್ಲ. ತಿರುಳು ಎಂಬುದು ಕಾಲಕಾಲಕ್ಕೆ ಊರು ಬದಲಿಸುತ್ತದೆ, ರಾಜಧಾನಿ ಇದ್ದಲ್ಲಿ, ಅಚ್ಚುಕೂಟ ಇದ್ದಲ್ಲಿ ಹೋಗಿ ಕೂಡುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ಕನ್ನಡದ ಬಗೆಗಳ ತಪ್ಪುಗಳನ್ನು ಎಣಿಸಿ ಮುಗಿಸಲಾಗದು ಎಂದು ಬೇಸರಪಟ್ಟ ಆ ಗ್ರಂಥಕಾರನೇ 'ಕನ್ನಡಂಗಳ್' ಎಂದು ಬಹುವಚನ ಬಳಸಿದ್ದಾನೆ. ಅವನಿಗೂ ಕನ್ನಡಗಳು ಹಲವು ಇದ್ದವು.

ಇದು ಕನ್ನಡದ ಒಂದೇ ಜಗಳವೂ ಅಲ್ಲ. ನಾವು ತಲೆಯ ಮೇಲೆ ಹೊತ್ತು ತಿರುಗುವ ಇಂಗ್ಲಿಷಿನಲ್ಲಿಯೂ ಇದೇ ರಗಳೆ ನಡೆದಿದೆ. 1961ರಲ್ಲಿ ಅಮೆರಿಕದ ವೆಬ್‌ಸ್ಟರ್ ನಿಘಂಟಿನ ಮೂರನೆಯ ಮಹಾ ಆವೃತ್ತಿ ಹೊರಬಂದಾಗ, ಹಳ್ಳಿಗರ ಬಾಯಿಯ 'ಏಂಟ್' ಎಂಬ ಪದವನ್ನು ಸಾಕಷ್ಟು ಬೈಯದೆ ದಾಖಲಿಸಿದ್ದಾರೆಂದು ದೊಡ್ಡ ದೊಡ್ಡ ಪತ್ರಿಕೆಗಳು ಸಂಪಾದಕರ ಮೇಲೆ ಹರಿಹಾಯ್ದವು. 2020ರಲ್ಲಿ 'ಇರ್‌ರಿಗಾರ್ಡ್‌ಲೆಸ್' ಎಂಬ ಪದ ಮೆರಿಯಮ್-ವೆಬ್‌ಸ್ಟರಿನಲ್ಲಿ ಇರುವುದು ಕಂಡು ಮತ್ತೊಮ್ಮೆ ಕೂಗಾಟ ಎದ್ದಿತು. ನಿಘಂಟಿನವರ ಉತ್ತರ ಸರಳವಾಗಿತ್ತು: ಜನ ಬಹಳ ಕಾಲದಿಂದ ಆಡುತ್ತಿದ್ದಾರೆ, ಬರೆಯುತ್ತಿದ್ದಾರೆ, ಆದ್ದರಿಂದ ಅದು ಪದ, ಶಿಷ್ಟ ಬಳಕೆಯದಲ್ಲ ಎಂದು ಅದರ ಮುಂದೆ ಗುರುತು ಹಾಕಿದ್ದೇವೆ. ನಮ್ಮ ಕಚೇರಿಗಳಲ್ಲಿ ಹುಟ್ಟಿದ್ದೆಂದು ಎಲ್ಲರೂ ನಗುತ್ತಿದ್ದ 'ಪ್ರಿಪೋನ್' ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿ ಕುಳಿತಿದೆ. ಇಂಗ್ಲಿಷಿನವರು ನಮ್ಮ ಗುಮಾಸ್ತರ ಪದವನ್ನು ಒಳಗೆ ಕರೆದು ಕೂಡ್ರಿಸುತ್ತಾರೆ. ನಾವು ನಮ್ಮ ಆಯಿಯ ಪದವನ್ನು ಹೊಸ್ತಿಲಲ್ಲಿ ನಿಲ್ಲಿಸಿ ಜಾತಿ ಕೇಳುತ್ತೇವೆ.

ಈಗ ನನ್ನ ಮೇಲಿನ ದೋಷಾರೋಪಣೆಯನ್ನೂ ನಾನೇ ಓದಿಬಿಡುತ್ತೇನೆ. 1980ರ ದಶಕದ ಮೊದಲ ಭಾಗ, ನಾನು ಕೆಲಸಕ್ಕೆ ಸೇರಿದ ಹೊಸತು. ತರಬೇತಿಯಲ್ಲಿ ಕಲಿತ ಶುದ್ಧ ಕನ್ನಡದ ಅಮಲು ತಲೆಗೇರಿತ್ತು. ನಮ್ಮೂರ ಹಬ್ಬದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದೆ. ಒಕ್ಕಲುತನದ ಮನೆಯ ಹುಡುಗನೊಬ್ಬ ಎಳ್ಳ ಅಮಾವಾಸ್ಯೆಯ ಬಗ್ಗೆ ಎರಡು ಪುಟ ಬರೆದಿದ್ದ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದದ್ದು, ಎದೆಯೆತ್ತರ ನಿಂತ ಜೋಳ, ಭಜ್ಜಿ, ಸಜ್ಜಿಯ ಕಡಬು, ಅಂಬಲಿ, 'ಅಪ್ಪ ಹೊಲದ ಸುತ್ತ ಚರಗ ಚೆಲ್ಲಿದ' ಎಂಬ ಸಾಲು. ನಾನು 'ಚರಗ ಚೆಲ್ಲಿದ' ಎಂಬುದನ್ನು ಹೊಡೆದು 'ನೈವೇದ್ಯ ಅರ್ಪಿಸಿದರು' ಎಂದು ಬರೆದೆ. 'ಭಜ್ಜಿ'ಯನ್ನು ಹೊಡೆದು 'ಪಲ್ಯ' ಎಂದು ಬರೆದೆ. ಹುಡುಗ ಮರುಮಾತಾಡದೆ ತಿದ್ದಿ ಬರೆದು ತಂದ. ನಾನು ಎರಡು ಅಂಕ ಹೆಚ್ಚು ಕೊಟ್ಟೆ.

ನಾನು ತಿದ್ದಿದ ಮೇಲೆ ಆ ಸಾಲು ಸುಳ್ಳಾಗಿತ್ತು ಎಂಬುದು ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು. ನೈವೇದ್ಯ ದೇವರ ಮುಂದೆ ಇಟ್ಟು ಮರಳಿ ನಾವೇ ಉಣ್ಣುವಂಥದ್ದು. ಚರಗ ಹಾಗಲ್ಲ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಬೆಳೆಯ ನಡುವೆ ನಡೆಯುತ್ತ, ಭೂಮಿತಾಯಿಗೆಂದು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿಬಿಡುವಂಥದ್ದು. ಇರುವೆ ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ಮಣ್ಣು ತಿನ್ನುತ್ತದೆ. ಭಜ್ಜಿಯೂ ಪಲ್ಯವಲ್ಲ, ಬೆಂಗಳೂರಿನವರು ಎಣ್ಣೆಯಲ್ಲಿ ಕರಿಯುವ ಬಜ್ಜಿಯಂತೂ ಅಲ್ಲವೇ ಅಲ್ಲ. ಹೊಲದಲ್ಲಿ ಆ ಹೊತ್ತಿಗೆ ಸಿಕ್ಕ ಹಸಿ ಕಾಳು, ಹತ್ತು ಬಗೆಯ ಸೊಪ್ಪು ತರಕಾರಿ ಒಂದೇ ಗಡಿಗೆಯಲ್ಲಿ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ್ದು. ವರ್ಷಕ್ಕೊಮ್ಮೆ ಆಗುವ ಅಡುಗೆ. ಹುಡುಗ ಕಂಡದ್ದನ್ನು ಬರೆದಿದ್ದ. ನಾನು ಅದನ್ನು ಯಾರೂ ಕಾಣದ ಹಬ್ಬವನ್ನಾಗಿ ಮಾಡಿದೆ. ಮುಂದಿನ ಪ್ರಬಂಧವನ್ನು ಅವನು ಗೈಡಿನಿಂದ ಇಳಿಸಿಕೊಂಡು ಬಂದ. ತಪ್ಪಿಲ್ಲದ ಕನ್ನಡ, ಹುಡುಗ ಮಾತ್ರ ಅದರಲ್ಲಿ ಇರಲಿಲ್ಲ. ಹತ್ತನೆಯ ತರಗತಿಗೆ ಬರುವ ಮುಂಚೆಯೇ ಶಾಲೆ ಬಿಟ್ಟ. ಅವನು ಶಾಲೆ ಬಿಡಲು ಬಡತನ ಸೇರಿ ನೂರು ಕಾರಣಗಳಿದ್ದವು, ನನ್ನ ಕೆಂಪು ಶಾಯಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ನಿನ್ನ ಮಾತಿಗೆ ಜಾಗವಿಲ್ಲ ಎಂದು ಅವನಿಗೆ ಮೊದಲು ಹೇಳಿದವನು ನಾನೇ.

ನನ್ನ ವಾದವನ್ನು ತಪ್ಪು ತಿಳಿಯಬಾರದು. ಶಿಷ್ಟ ಕನ್ನಡ ಬೇಡ ಎಂದು ನಾನು ಹೇಳುತ್ತಿಲ್ಲ. ಬೀದರದವನು ಬರೆದದ್ದನ್ನು ಚಾಮರಾಜನಗರದವನು ಓದಬೇಕು, ಕಾಸರಗೋಡಿನವನೂ ಓದಬೇಕು. ಕಾನೂನಿಗೆ, ಪತ್ರಿಕೆಗೆ, ಪರೀಕ್ಷೆಗೆ ಎಲ್ಲರಿಗೂ ಸಲ್ಲುವ ಒಂದು ಬರಹದ ಭಾಷೆ ಬೇಕೇ ಬೇಕು. ನಾನು ಇದನ್ನು ಬರೆಯುತ್ತಿರುವುದೂ ಅದರಲ್ಲಿಯೇ. ಅದನ್ನು ನಮ್ಮ ಮಕ್ಕಳಿಗೆ ಕಲಿಸದೆ ಬಿಟ್ಟರೆ ಅವರ ಅನ್ನಕ್ಕೆ ಕಲ್ಲು ಹಾಕಿದಂತೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ನೌಕರಿಯಲ್ಲಿ ಮೀಸಲಾತಿ ಬಂದಿದೆ, ಆ ನೌಕರಿಯ ಪರೀಕ್ಷೆ ಬರೆಯಲು ಆ ಕನ್ನಡ ಬೇಕು. ಆದರೆ 'ಈ ಪದ ಅರ್ಜಿಯಲ್ಲಿ ಬಳಸುವುದಿಲ್ಲ' ಎಂಬುದು ಒಂದು ಮಾತು, 'ಇಂಥ ಪದ 'ಇಲ್ಲ' ಎಂಬುದು ಬೇರೆಯೇ ಮಾತು. ಮೊದಲನೆಯದು ಶಿಕ್ಷಣ. ಅದನ್ನು ಹೇಳಲು ಶಿಕ್ಷಕನಿಗೆ ಅಧಿಕಾರವಿದೆ. ಎರಡನೆಯದು ಸುಳ್ಳು. ಅದನ್ನು ಹೇಳಲು ಯಾರಿಗೂ ಅಧಿಕಾರವಿಲ್ಲ. ಧೋತರ ಉಟ್ಟುಕೊಂಡು ಕವಾಯತಿಗೆ ಬರಬೇಡ ಎನ್ನಬಹುದು. ಧೋತರ ಎಂಬುದು ಬಟ್ಟೆಯೇ ಅಲ್ಲ ಎನ್ನಲಾದೀತೆ?

ದೊಡ್ಡವರು ಬರೆದಾಗ ನಮಗೆ ಇದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಬೇಂದ್ರೆಯವರು ಧಾರವಾಡದ ಮಾತನ್ನು ಕಾವ್ಯಕ್ಕೆ ತಂದರು, ನಾಡು ತಲೆದೂಗಿತು. ದೇವನೂರ ಮಹಾದೇವರು ನಂಜನಗೂಡಿನ ಕಡೆಯ ಮಾತಿನಲ್ಲಿ 'ಕುಸುಮಬಾಲೆ' ಬರೆದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮದೇ ಕಲಬುರಗಿಯ ಗೀತಾ ನಾಗಭೂಷಣರು ಈ ಸೀಮೆಯ ಬಡವರ ಬಾಯಿಯ ಕನ್ನಡವನ್ನು 'ಬದುಕು' ಕಾದಂಬರಿಯಲ್ಲಿ ತುಂಬಿದರು, 2004ರಲ್ಲಿ ಅದಕ್ಕೂ ಅದೇ ಪ್ರಶಸ್ತಿ ಬಂತು. ಪುಸ್ತಕದ ಮುಖಪುಟದ ಮೇಲೆ ಹೆಸರಿದ್ದರೆ ಅದು ದೇಸಿಯ ಸೊಗಡು, ನೋಟುಪುಸ್ತಕದ ಮೇಲೆ ಹೆಸರಿದ್ದರೆ ತಪ್ಪು. ಈ ಇಬ್ಬಗೆಯ ನ್ಯಾಯಕ್ಕೆ ನನ್ನ ವಿರೋಧ.

ಬರೀ ಬೈದು ಮುಗಿಸುವುದು ಮಾಸ್ತರರಿಗೆ ಶೋಭಿಸದು. ಆದ್ದರಿಂದ ಆಗಬೇಕಾದದ್ದನ್ನೂ ಹೇಳುತ್ತೇನೆ.

ಶಿಕ್ಷಕ ಬಂಧುಗಳೇ, ಮಗುವಿನ ಪದವನ್ನು ಹೊಡೆಯಬೇಡಿ. ಅದರ ಮಗ್ಗುಲಲ್ಲಿ ಪುಸ್ತಕದ ಪದವನ್ನು ಬರೆಯಿರಿ. 'ಮನೆಯಲ್ಲಿ ಬ್ಯಾನಿ, ಅರ್ಜಿಯಲ್ಲಿ ನೋವು' ಎನ್ನಿರಿ. ಮಗು ಒಂದರ ಬದಲು ಎರಡು ಪದ ಕಲಿತಂತಾಗುತ್ತದೆ. 'ಚರಗ'ದಂಥ, ಪುಸ್ತಕದಲ್ಲಿ ಸಾಟಿಯೇ ಇಲ್ಲದ ಪದ ಬಂದರೆ ಹಾಗೆಯೇ ಬಿಡಿ. ನಿಮಗೆ ತಿಳಿಯದಿದ್ದರೆ ಮಗುವನ್ನೇ ಕೇಳಿ ತಿಳಿದುಕೊಳ್ಳಿರಿ, ಅದರಲ್ಲಿ ಅವಮಾನವೇನೂ ಇಲ್ಲ.

ನಿಘಂಟು ಮಾಡುವ ವಿದ್ವಾಂಸರೇ, ಊರಿಗೆ ಬನ್ನಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಕಾವ್ಯದ ಪದಗಳ ಪಕ್ಕದಲ್ಲಿಯೇ ಗಾದೆಮಾತುಗಳನ್ನೂ ಬಾಯಿಮಾತುಗಳನ್ನೂ ಕೂಡ್ರಿಸಿತು, ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಸಣ್ಣ ಗುರುತು ಹಾಕಿತು. ಒಬ್ಬ ಜರ್ಮನ್ ಪಾದ್ರಿಗೆ ಹೊಳೆದದ್ದು ನಮಗೇಕೆ ಹೊಳೆಯಬಾರದು? ನಮ್ಮ ಪಕ್ಕದ ತುಳುವಿಗೆ 1988ರಿಂದ 1997ರ ನಡುವೆ ಉಡುಪಿಯಿಂದ ಆರು ಸಂಪುಟಗಳ ನಿಘಂಟು ಬಂತು. ಡಾ. ಯು. ಪಿ. ಉಪಾಧ್ಯಾಯರು ಅದರ ಪ್ರಧಾನ ಸಂಪಾದಕರು. ಸೀಮೆ ಸೀಮೆಯ, ಸಮುದಾಯ ಸಮುದಾಯದ ಬಾಯಿಂದ ಪದಗಳನ್ನು ಆಯ್ದರು. ಅಮೆರಿಕದಲ್ಲಿ 1965ರಿಂದ 1970ರ ವರೆಗೆ 1,002 ಊರುಗಳಿಗೆ ಆಳುಗಳನ್ನು ಕಳಿಸಿ ಮುದುಕರನ್ನು ಕೂಡ್ರಿಸಿಕೊಂಡು ಪದ ಬರೆದುಕೊಂಡರು. ಅದರ ನಿಘಂಟಿನ ಮೊದಲ ಸಂಪುಟ 1985ರಲ್ಲಿ, ಐದನೆಯದು 2012ರಲ್ಲಿ ಹೊರಬಂತು. ಕನ್ನಡ ನಾಡಿನ ಎಲ್ಲ ಸೀಮೆಗಳಿಗೂ ಅಂಥ ಒಂದು ಕೆಲಸ ಆಗಬೇಕು, ಜಲ್ದಿ ಆಗಬೇಕು. ಟ್ರ್ಯಾಕ್ಟರು ಬಂದ ಮೇಲೆ ಕೂರಿಗಿ, ಕುಂಟಿ, ಮಿಣಿ ಎಂಬ ಪದಗಳನ್ನು ಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಾಳು ತುಂಬಿಡುವ ನೆಲದೊಳಗಿನ ಹಗೇವು ನಮ್ಮ ಓಣಿಯಲ್ಲಿ ಈಗ ಒಂದೂ ಇಲ್ಲ.

ಊರವರೇ, ಸರಕಾರ ಬರಲಿ ಎಂದು ಕಾಯುವುದೂ ಬೇಡ. ಕುಂದಾಪುರದ ಮಂದಿ ಕೆಲವು ವರ್ಷಗಳಿಂದ ಆಷಾಢದ ಅಮಾವಾಸ್ಯೆಯ ದಿನ ತಮ್ಮ ಕುಂದಾಪ್ರ ಕನ್ನಡದ ಹಬ್ಬ ಮಾಡುತ್ತಿದ್ದಾರೆ. ನಮಗೂ ಒಂದು ಅಮಾವಾಸ್ಯೆ ಇದೆಯಲ್ಲ! ಬರುವ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿರಿ. ಉಂಡಾದ ಮೇಲೆ ಆಯಿಯ ಮಗ್ಗುಲಲ್ಲಿ ಕುಳಿತು ಪುಸ್ತಕದಲ್ಲಿ ಇಲ್ಲದ ಹತ್ತು ಪದ ಬರೆದುಕೊಂಡು ಬರಲಿ. ಮುಡಬಿಯಲ್ಲಿ ಬರೆದದ್ದನ್ನು ನನಗೆ ತಂದುಕೊಟ್ಟರೆ ನಾನು ಅಕಾರಾದಿಯಾಗಿ ಜೋಡಿಸಿ ಇಡುತ್ತೇನೆ. ಕಣ್ಣು ಇನ್ನೂ ಕಾಣುತ್ತವೆ, ಕೈ ಇನ್ನೂ ಬರೆಯುತ್ತದೆ.

ನಮ್ಮ ಓಣಿಯ ಹುಡುಗಿಗೆ ಮರುದಿನ ಉತ್ತರ ಹೇಳಿದೆ. "ನಿನಗ ಆಗಿದ್ದು ಬ್ಯಾನೀನೇ ಅವ್ವಾ. ಅರ್ಜ್ಯಾಗ ನೋವು ಅಂತ ಬರಿ, ಮನ್ಯಾಗ ಬ್ಯಾನಿ ಅನ್ನು. ಎರಡೂ ಕನ್ನಡನೇ" ಎಂದೆ. ನೋಟುಪುಸ್ತಕ ತೆಗೆದುಕೊಂಡು ಓಡಿದಳು. ಮೊದಲ ಪದವನ್ನು ನಾನು ಆಗಲೇ ಬರೆದಿಟ್ಟಿದ್ದೇನೆ. 'ಚರಗ.' ನಾಲ್ವತ್ತು ವರ್ಷದ ಹಿಂದೆ ಒಬ್ಬ ಹುಡುಗ ನನಗೆ ಬರೆದುಕೊಟ್ಟದ್ದು. ಎಲ್ಲಿದ್ದರೂ ಅವನು ನನ್ನನ್ನು ಕ್ಷಮಿಸಲಿ.